ಕಸದ ಸಾರೋಟು

ಶಿಕಾಗೋ ಊರಿನ ಹೆಂಗಸರ ಪೈಕಿ ಹೆಚ್ಚು ಹೆಸರು ಮಾಡಿದವಳು ಹಾಲು ಮಾರುತ್ತಿದ್ದ ಕ್ಯಾಥರೀನ್ ಓಲಿಯರಿ ಇರಬೇಕು. 1871ರ ಅಕ್ಟೋಬರಿನಲ್ಲಿ ಊರಿನ ದೊಡ್ಡ ಭಾಗವೇ ಹೊತ್ತಿ ಉರಿದಾಗ, ಆಕೆಯ ಹಸು ಲಾಟೀನು ಒದ್ದದ್ದೇ ಕಾರಣ ಅಂತ ಕತೆ ಹುಟ್ಟಿತು. ಬೆಂಕಿ ಎದ್ದದ್ದು ಅವರ ಕೊಟ್ಟಿಗೆಯಲ್ಲಿ ನಿಜ. ಹೊತ್ತಿಸಿದ್ದು ಯಾರು ಎಂಬುದು ಇತ್ಯರ್ಥವಾಗಲೇ ಇಲ್ಲ. ನಗರಸಭೆ ಆಕೆಯನ್ನೂ ಹಸುವನ್ನೂ ದೋಷಮುಕ್ತರೆಂದು ಸಾರಿದ್ದು 1997ರಲ್ಲಿ. ಹಸು ಅಷ್ಟು ದಿನ ಕಾಯುವ ಪ್ರಾಣಿಯಲ್ಲ.

ನನಗೆ ಮಾತ್ರ ಆ ಊರೆಂದರೆ ನೆನಪಾಗುವುದು ಬೆಂಕಿಯಲ್ಲ, ಕಸ. ಕಸದ ಜೊತೆಗೆ ಅಲ್ಲಿನ ಸಮಾಜಸೇವಕಿ ಜೇನ್ ಆಡಮ್ಸ್. ಆಕೆಗೆ 1931ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಬಂದದ್ದನ್ನು ಶಾಲೆಯ ಮಕ್ಕಳೂ ಹೇಳಿಯಾರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1895ರಲ್ಲಿ ಸಿಕ್ಕ ಹುದ್ದೆ: 19ನೇ ವಾರ್ಡಿನ ಕಸದ ಇನ್‌ಸ್ಪೆಕ್ಟರ್. ಸಂಬಳ ವರ್ಷಕ್ಕೆ ಸಾವಿರ ಡಾಲರ್.

ಹಾಲ್‌ಸ್ಟೆಡ್ ಬೀದಿಯಲ್ಲಿ ಎಲೆನ್ ಗೇಟ್ಸ್ ಸ್ಟಾರ್ ಜೊತೆಗೂಡಿ ಆಕೆ ಹಲ್ ಹೌಸ್ ಎಂಬ, ಬಡವರ ನಡುವೆಯೇ ನೆಲೆಸಿ ಅವರಿಗೆ ನೆರವಾಗುವ ಸೇವಾಮನೆ ಶುರುಮಾಡಿದ್ದು 1889ರಲ್ಲಿ. ಸುತ್ತ ಇದ್ದವರು ಇಟಲಿ, ಗ್ರೀಸ್, ರಷ್ಯಾ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು. ಬೀದಿಯ ಅಂಚಿನಲ್ಲಿ ನೆಲಕ್ಕೆ ಜಡಿದ ದೊಡ್ಡ ಮರದ ಕಸದ ಪೆಟ್ಟಿಗೆಗಳು. ಅವುಗಳ ಬಗ್ಗೆ ಆಕೆ ಆತ್ಮಕಥನದಲ್ಲಿ ಬರೆದದ್ದು ಎಷ್ಟು ಸೊಗಸು! ಅಂಬೆಗಾಲು ಬಿಟ್ಟ ಕೂಸು ಮೊದಲು ಹತ್ತಲು ಕಲಿಯುವುದು ಆ ಪೆಟ್ಟಿಗೆಯನ್ನು. ಹುಡುಗರ ಕಾಳಗದಲ್ಲಿ ಅದೇ ಕೋಟೆ, ಒಳಗಿನ ಮಾಲೇ ಮದ್ದುಗುಂಡು. ಕೊನೆಗೆ ಪ್ರೇಮಿಗಳು ಲೋಕ ಮರೆತು ಕೂರುವ ಕಟ್ಟೆಯೂ ಅದೇ. ಮೂಗು ಮುಚ್ಚಿಕೊಂಡು ಓಡುವವರಿಗೆ ಇದೆಲ್ಲ ಕಾಣುವುದಿಲ್ಲ, ನಿಂತು ನೋಡಿದವರಿಗೇ ಕಾಣುವುದು.

ವಾರ್ಡಿನ ಕಸ ಎತ್ತುವ ಗುತ್ತಿಗೆಗೆ ಆಕೆಯೇ ಟೆಂಡರ್ ಹಾಕಿದ್ದರು. ಏನೋ ತಾಂತ್ರಿಕ ನೆಪ ಹೇಳಿ ಅದನ್ನು ತಳ್ಳಿಹಾಕಿದರು. ಗದ್ದಲ ಪತ್ರಿಕೆಗಳಿಗೆ ಹೋಯಿತು; ಮೇಯರ್ ಈ ಇನ್‌ಸ್ಪೆಕ್ಟರ್ ಹುದ್ದೆ ಕೊಟ್ಟರು. ಆಮೇಲೆ ಬೆಳಿಗ್ಗೆ ಆರಕ್ಕೇ ಎದ್ದು, ಅಮಾಂಡಾ ಜಾನ್ಸನ್ ಎಂಬ ಸಹಾಯಕಿಯೊಡನೆ ಕಸದ ಬಂಡಿಗಳ ಬೆನ್ನು ಹತ್ತಿ ತಿಪ್ಪೆಯವರೆಗೆ ಹೋಗುವುದು, ಬಂಡಿ ಸಾಲದು ಇನ್ನೂ ತನ್ನಿ ಅಂತ ಗುತ್ತಿಗೆದಾರನ ಪ್ರಾಣ ತಿನ್ನುವುದು. ಒಂಬತ್ತು ಬಂಡಿ ಹದಿಮೂರಾದವು, ಹದಿನೇಳಾದವು. ನೆರೆಯ ಹೆಂಗಸರಿಗೇ ಇದು ಸರಿಬರಲಿಲ್ಲ, ಇದೆಂಥ ಹೆಣ್ಣುಕೆಲಸ ಎಂದರು. ರೋಗಿಯ ಆರೈಕೆ ಹೆಣ್ಣುಕೆಲಸವಾದರೆ, ರೋಗ ಬರದಂತೆ ಸಂದಿಗೊಂದಿ ತಿರುಗುವುದೂ ಹೆಣ್ಣುಕೆಲಸವೇ ಅಂತ ಅವರಿಗೆ ತಿಳಿಹೇಳಬೇಕಾಯಿತು.

ನನಗೆ ತುಂಬ ಹಿಡಿಸಿದ ಪ್ರಸಂಗ ಇನ್ನೊಂದು. ಒಂದು ಇಕ್ಕಟ್ಟಿನ ಬೀದಿಯಲ್ಲಿ ಕಸ ತೆಗೆಯುತ್ತ ಹೋದರೆ, ಹದಿನೆಂಟು ಅಂಗುಲ ಕೆಳಗೆ ಹಾಸುಗಲ್ಲಿನ ರಸ್ತೆ ಸಿಕ್ಕಿತು! ದಫ್ತರ ತೆಗೆದು ನೋಡಿದರೆ ಅಲ್ಲಿ ರಸ್ತೆ ಇದ್ದದ್ದಕ್ಕೆ ದಾಖಲೆಯೂ ಇತ್ತು. ಅಲ್ಲಿದ್ದ ಇಟಲಿಯವರು ಕುತೂಹಲದಿಂದ ನೋಡಿದರಂತೆ, ಬೆರಗಾಗಲಿಲ್ಲವಂತೆ. ಹೂತುಹೋದ ಊರುಗಳನ್ನು ಅಗೆದು ತೆಗೆಯುವುದು ಅವರ ನಾಡಿನಲ್ಲಿ ಮಾಮೂಲಲ್ಲವೇ ಎಂದು ಆಡಮ್ಸ್ ಚಟಾಕಿ ಹಾರಿಸುತ್ತಾರೆ. ಮೇಲಿನ ಎಂಟು ಅಂಗುಲ ಕಸ ನಾನು ತೆಗೆಸಿದೆ, ಮಿಕ್ಕದ್ದು ನಿಮ್ಮ ಜವಾಬ್ದಾರಿ ಅಂತ ರಸ್ತೆ ಇಲಾಖೆಯ ಅಧಿಕಾರಿಯೊಡನೆ ಜಗಳ ಬಿತ್ತು. ಕೊನೆಗೆ ಮೇಯರನ್ನೇ ತಮ್ಮ ಗಾಡಿಯಲ್ಲಿ ಕೂರಿಸಿಕೊಂಡು ಬೀದಿಯ ಬಾಯಿಗೆ ಕರೆತಂದರು. ಬೀದಿಯ ಮಕ್ಕಳು ಆ ಗಾಡಿಗೆ ‘ಕಸದ ಸಾರೋಟು’ ಎಂದು ಹೆಸರಿಟ್ಟಿದ್ದರು. ಮೇಯರ್ ತೀರ್ಪು ಆಡಮ್ಸ್ ಕಡೆಗೇ ಆಯಿತು.

ಆದರೆ ಊರು ಒಂದು ವಾರ್ಡಿನಷ್ಟು ಚಿಕ್ಕದಲ್ಲ. ಕಸಾಯಿಖಾನೆಗಳ ಹಿಂಭಾಗದಲ್ಲಿ, ಆಡಮ್ಸ್ ಥರವೇ ಬಡವರ ನಡುವೆ ನೆಲೆಸಿದ ಸಮಾಜಸೇವಕಿ ಮೇರಿ ಮ್ಯಾಕ್‌ಡೊವೆಲ್ ಇದ್ದರು. ಅಲ್ಲಿ ಊರಿನ ಕಸ ತಂದು ಸುರಿಯುವ ಗುಂಡಿಗಳು, ಪಕ್ಕದಲ್ಲಿ ಕೊಳೆತು ಗುಳ್ಳೆ ಏಳುವ ಹಳ್ಳ. ‘ಕಸದಮ್ಮ’ ಎನ್ನಬಹುದಾದ ಅಡ್ಡಹೆಸರು ಆಕೆಗೆ ಅಂಟಿಕೊಂಡಿತು. ಯುರೋಪಿನ ಊರುಗಳು ಕಸವನ್ನು ಏನು ಮಾಡುತ್ತವೆ ಎಂದು ನೋಡಲು 1911ರಲ್ಲಿ ಅಲ್ಲಿಗೇ ಹೋಗಿಬಂದರು. ಪ್ರವಾಸ ಹೋದವರು ಚರ್ಚು, ಅರಮನೆ ನೋಡಿ ಬರುವುದು ವಾಡಿಕೆ. ಇವರು ಊರೂರ ತಿಪ್ಪೆ ನೋಡಿ ಬಂದರು. 1913ರಲ್ಲಿ ಶಿಕಾಗೋ ಇರುವ ಇಲಿನಾಯ್ಸ್ ರಾಜ್ಯದ ಹೆಂಗಸರಿಗೆ ನಗರಸಭೆ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಸಿಕ್ಕಿತು. ಕಪ್ಪು ಹೆಣ್ಣುಮಕ್ಕಳನ್ನು ಮತಗಟ್ಟೆಗೆ ತರಲು ಕಪ್ಪು ಪತ್ರಕರ್ತೆ ಐಡಾ ಬಿ. ವೆಲ್ಸ್ ಅದೇ ವರ್ಷ ಒಂದು ಸಂಘ ಕಟ್ಟಿದ್ದರು. ಅದೇ ವರ್ಷ ನಗರಸಭೆಗೂ ಕಸದ ಬಗ್ಗೆ ಒಂದು ಆಯೋಗ ಬೇಕೆನಿಸಿತು, ಅದರಲ್ಲಿ ಮ್ಯಾಕ್‌ಡೊವೆಲ್‌ಗೂ ಒಂದು ಕುರ್ಚಿ ಹಾಕಿಸಿದರು. ನಾತವೇನೋ ಮೊದಲಿನಿಂದಲೂ ಇತ್ತು.