ಭಿನ್ನರಾಶಿ ಬಗ್ಗೆ ಯಾರೂ ಬರೆದೇ ಇಲ್ಲವಂತೆ!

ಇನ್ನೊಂದು ಕ್ರಿಯಾ ಸಂಶೋಧನಾ ವರದಿ (ಶಿಕ್ಷಕರು ತಮ್ಮದೇ ತರಗತಿಯ ಸಮಸ್ಯೆಯ ಮೇಲೆ ಮಾಡುವ ಅಧ್ಯಯನದ್ದು) ಈಗಷ್ಟೇ ಕಣ್ಣಿಗೆ ಬಿತ್ತು. ಎರಡನೇ ಅಧ್ಯಾಯದ ಮೊದಲ ಸಾಲೇ ‘ಈ ವಿಷಯದಲ್ಲಿ ಪೂರ್ವ ಅಧ್ಯಯನಗಳು ಲಭ್ಯವಿಲ್ಲ’. ವಿಷಯ? ಭಿನ್ನರಾಶಿ ಕೂಡುವಾಗ ಮಕ್ಕಳು ಮಾಡುವ ತಪ್ಪು! ಹೀಗೆ ಬರೆಯೋಕೂ ಧೈರ್ಯ ಬೇಕು ಬಿಡಿ. ನನ್ನ ಸಿಟ್ಟು ನಿಮಗೇನೂ ಹೊಸದಲ್ಲ, ಸಹಿಸಿಕೊಳ್ಳಿ.

ವರದಿಯ ಉದ್ದನೆಯ ಶೀರ್ಷಿಕೆಯನ್ನು ಇಡಿಯಾಗಿ ಸರ್ಚ್ ಬಾಕ್ಸಿಗೆ ಸುರಿದರೆ ಸೊನ್ನೆ ಬರದೆ ಇನ್ನೇನು ಬರುತ್ತೆ? ಅಷ್ಟೂ ಪದ ಒಟ್ಟಿಗಿರುವ ದಾಖಲೆ ಇಲ್ಲ ಅಂತ ಅದರರ್ಥ, ಅಷ್ಟೇ. ಶೀರ್ಷಿಕೆಯನ್ನು ವಿಧಾನ, ವಿಷಯ, ತರಗತಿ ಅಂತ ಒಡೀರಿ. ‘ಆಕ್ಷನ್ ರಿಸರ್ಚ್’ಗೆ (ಕ್ರಿಯಾ ಸಂಶೋಧನೆಯ ಇಂಗ್ಲಿಷ್ ಹೆಸರು) ಉದ್ಧರಣ ಚಿಹ್ನೆ ಹಾಕಿ, ಇಲ್ಲದಿದ್ರೆ ಎರಡು ಪದ ಎಲ್ಲೆಲ್ಲೋ ಇರುವ ಲೇಖನಗಳೆಲ್ಲ ಬಂದು ಬೀಳುತ್ತವೆ. ಅದರ ಪಕ್ಕ ‘ಆರ್’ (OR, ಅಂದ್ರೆ ಯಾವುದಾದರೂ ಒಂದಿದ್ದರೆ ಸಾಕು) ಹಾಕಿ ಅದೇ ಬಗೆಯ ‘ಟೀಚರ್ ರಿಸರ್ಚ್’, ‘ಪ್ರಾಕ್ಟಿಷನರ್ ರಿಸರ್ಚ್’ ಸೇರಿಸಿ, ಮೂರನ್ನೂ ಕಂಸದೊಳಗಿಡಿ. ತುಂಡುಗಳ ನಡುವೆ ‘ಆ್ಯಂಡ್’ (AND, ಅಂದ್ರೆ ಎಲ್ಲವೂ ಇರಬೇಕು). ಕಡಿಮೆ ಸಿಕ್ಕರೆ ಮೊದಲು ತರಗತಿ ಕಿತ್ತುಹಾಕಿ, ಆಮೇಲೆ ವಿಧಾನ. ವಿಷಯ ಮಾತ್ರ ಬಿಡಬೇಡಿ. ಪೂರ್ವ ಅಧ್ಯಯನವೂ ಕ್ರಿಯಾ ಸಂಶೋಧನೆಯೇ ಆಗಿರಬೇಕು ಅಂತ ಯಾರು ಹೇಳಿದ್ದು?

ಪುಸ್ತಕ ಬೇಕಿದ್ರೆ ಡ್ಯೂಯಿ ವರ್ಗೀಕರಣದ (ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಪದ್ಧತಿ) ಲೈಬ್ರರಿಯಲ್ಲಿ 370.7ರ ಸಾಲು ನೋಡಿ. ಅಲ್ಲಿರೋದು ಸಂಶೋಧನೆಯ ವಿಧಾನ. ಪ್ರಾಥಮಿಕ ಗಣಿತ ಬೋಧನೆ 372.7ರಲ್ಲಿ. ಒಂದೇ ಕಪಾಟಿನ ಮುಂದೆ ನಿಂತು ‘ಏನೂ ಇಲ್ಲ’ ಅನ್ನೋರಿಗೆ ಏನು ಹೇಳೋದು!

ಲೇಖನಕ್ಕೆ ಎರಿಕ್ (ERIC) ಅನ್ನೋ ಶಿಕ್ಷಣ ಸಂಶೋಧನೆಯ ಆನ್‌ಲೈನ್ ಭಂಡಾರ ಇದೆ, ಪುಕ್ಕಟೆ. ‘ಇಜೆ’ (EJ) ಅಂತ ಶುರುವಾಗುವ ಸಂಖ್ಯೆ ಜರ್ನಲ್ ಲೇಖನದ್ದು, ‘ಇಡಿ’ (ED) ಅಂದ್ರೆ ವರದಿ, ಸಮ್ಮೇಳನ ಪ್ರಬಂಧ ಇತ್ಯಾದಿ. ‘ಇಡಿ’ಯಲ್ಲಿ ಪೂರ್ಣ ಪಠ್ಯವೇ ಸಿಗೋದು ಹೆಚ್ಚು. ‘ಪೀರ್ ರಿವ್ಯೂಡ್’ಗೆ (ಬೇರೆ ತಜ್ಞರು ಪರಿಶೀಲಿಸಿದ್ದು ಮಾತ್ರ ತೋರಿಸು ಅಂತ) ಟಿಕ್ ಹಾಕಿದ್ರೋ, ಶಿಕ್ಷಕರೇ ಬರೆದ ಎಷ್ಟೋ ವರದಿಗಳು ಮಾಯ. ಟಿಕ್ ತೆಗೀರಿ, ಆದ್ರೆ ಕಣ್ಣು ಮುಚ್ಚಿ ನಂಬಬೇಡಿ: ಎಷ್ಟು ಮಕ್ಕಳು, ಏನು ದತ್ತಾಂಶ, ಎಷ್ಟು ಆವರ್ತ (ಮಾಡಿ ನೋಡಿ ತಿದ್ದಿಕೊಂಡ ಸುತ್ತು) ಅಂತ ನೋಡಿ.

‘ನಮ್ಮ ತರಗತಿ ಸಮಸ್ಯೆ ನಮ್ಮದೇ, ಬೇರೆಯವರದ್ದು ಯಾಕೆ?’ ಅಂತೀರಾ? ತರಗತಿ ನಿಮ್ಮದೇ ಇರಬಹುದು. ಆದ್ರೆ 1/2 + 1/3 = 2/5 ಅಂತ ಬರೆಯೋ ಮಗು ಯಾವ ಊರಲ್ಲಿಲ್ಲ?

ತಮಾಷೆ ಅಂದ್ರೆ, ಏನೂ ಸಿಗದವರಿಗೂ ‘ಲೆವಿನ್, 1946’ ಮಾತ್ರ ತಪ್ಪದೆ ಸಿಕ್ಕಿರುತ್ತೆ! ಮನೋವಿಜ್ಞಾನಿ ಕರ್ಟ್ ಲೆವಿನ್ ಕ್ರಿಯಾ ಸಂಶೋಧನೆ ಬಗ್ಗೆ ಬರೆದ ಆ ಲೇಖನ ಅಲ್ಪಸಂಖ್ಯಾತರ ಸಮಸ್ಯೆಗಳ ಕುರಿತದ್ದು, ತರಗತಿಯದ್ದಲ್ಲ. ಶಾಲೆಯ ಮಾತು ಬೇಕಿದ್ರೆ ಅಮೆರಿಕದ ಶಿಕ್ಷಣ ತಜ್ಞ ಸ್ಟೀಫನ್ ಕೋರಿ 1953ರಲ್ಲಿ ಬರೆದದ್ದನ್ನು ತೆರೀರಿ. ಅದು ಹಳೇದಾಯ್ತು ಅನ್ನೋರು 1993ರಲ್ಲಿ ಶುರುವಾದ ‘ಎಜುಕೇಶನಲ್ ಆಕ್ಷನ್ ರಿಸರ್ಚ್’ ಜರ್ನಲ್ ನೋಡಿ. ಹೊಂದುವ ಒಂದೇ ಒಂದು ಲೇಖನ ಸಿಕ್ಕರೂ ಸಾಕು, ಅದರ ಆಕರ ಪಟ್ಟಿಯಿಂದ ಹಿಂದಕ್ಕೆ ಹೋಗಿ, ‘ಸೈಟೆಡ್ ಬೈ’ (ಅದನ್ನು ಉಲ್ಲೇಖಿಸಿದ ನಂತರದ ಲೇಖನಗಳ ಕೊಂಡಿ) ಒತ್ತಿ ಮುಂದಕ್ಕೆ ಬನ್ನಿ.