ರಾತ್ರಿ ಎರಡು ಗಂಟೆಗೆ ಅಲ್ಲಿ ಯಾರಿರುತ್ತಾರೆ?

ಗುರುವಾರ ರಾತ್ರಿ ಎರಡು ಗಂಟೆಗೆ ನರ್ಸಿಂಗ್ ಹೋಮ್‌ನಲ್ಲಿ ಆಪರೇಷನ್ ಆಗಿ ಮಲಗಿದ್ದ ನಮ್ಮ ನಾದಿನಿಯ ಚಾರ್ಟ್ ತೆಗೆದು ನೋಡಿದೆ. ಬೆಳಗಿನ ಆರು ಗಂಟೆಯ ಬಿಪಿ ಅದರಲ್ಲಿ ಆಗಲೇ ಬರೆದಾಗಿತ್ತು. 120/80. ನಾಲ್ಕು ಗಂಟೆಗೂ 120/80. ಹನ್ನೆರಡಕ್ಕೂ ಅದೇ. ನಾಡಿ ಎಲ್ಲ ಕಡೆ 80. ಒಂದೇ ಪೆನ್ನಿನಲ್ಲಿ, ಒಂದೇ ಸಲ ಕೂತು ಬರೆದದ್ದು. ಮೂರು ದಿನ ಆಯಿತು, ಸಿಟ್ಟು ಇಳಿದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾದಿನಿ ಮಾನ್ವಿ ಕಡೆಯವಳು. ಗರ್ಭಕೋಶದ ಆಪರೇಷನ್ ಆಗಬೇಕಿತ್ತು. ರಾಯಚೂರಿನ ಈ ನರ್ಸಿಂಗ್ ಹೋಮ್ ಗೊತ್ತು ಮಾಡಿದ್ದು ಅವಳ ಗಂಡ. "ಡಾಕ್ಟರ ಕೈಗುಣ ಚಲೋ ಅದ ಅಕ್ಕಾರ, ನಮ್ಮೂರವ್ರೆಲ್ಲ ಅಲ್ಲೇ ಹೋಗ್ತಾರ" ಅಂದರು. ಲಿಫ್ಟ್ ಇದೆ, ಎಸಿ ರೂಮ್ ಇದೆ, ನೆಲ ಕನ್ನಡಿಯ ಹಾಗೆ ಹೊಳೆಯುತ್ತದೆ. ರಾತ್ರಿ ಡ್ಯೂಟಿಗೆ ಯಾರಿರ್ತಾರೆ ಅಂತ ನಾನು ಒಂದು ಮಾತು ಕೇಳಿದೆ. "ನರ್ಸ್ ಇರ್ತಾರಲ್ರೀ" ಅಂದರು. ನಾನೂ ಸುಮ್ಮನಾದೆ. 27 ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದವಳು ನಾನು, ನಿಮಗೆಲ್ಲ ಗೊತ್ತು. ಸುಮ್ಮನಾಗಬಾರದಿತ್ತು.

ಅರಿವಳಿಕೆ ಡಾಕ್ಟರು ಬೇರೆ ಕಡೆ ಕೇಸ್ ಮುಗಿಸಿ ಬರುವಷ್ಟರಲ್ಲಿ ಸಂಜೆ ಆರಾಗಿತ್ತು. ಆಪರೇಷನ್ ಚೆನ್ನಾಗಿ ಆಯಿತು. ಡಾಕ್ಟರು ಒಂಬತ್ತಕ್ಕೆ ಬಂದು ನೋಡಿ ಹೋದರು. ಹತ್ತಕ್ಕೆ ಕೆಳಗೆ ಶಟರ್ ಎಳೆದರು. ಆಮೇಲೆ ಆ ಮಹಡಿಯಲ್ಲಿ ಹದಿನಾಲ್ಕು ಬೆಡ್, ಒಂದೇ ಒಂದು ಹುಡುಗಿ.

ಒಂದೂವರೆ ಸುಮಾರಿಗೆ ನಾದಿನಿ "ವೈನಿ, ಬಾಯಿ ಒಣಗಾಕತ್ಯದ" ಅಂದಳು. ಕೈ ಹಿಡಿದೆ, ತಣ್ಣಗಿತ್ತು. ಹಣೆ ಮೇಲೆ ಬೆವರು. ನಾಡಿ ಎಣಿಸಿದೆ, 124. ಮೂತ್ರದ ಚೀಲ ನೋಡಿದೆ, ಒಂಬತ್ತು ಗಂಟೆಗೆ ಖಾಲಿ ಮಾಡಿದ್ದು, 70 ಎಂಎಲ್ ಕೂಡ ಇರಲಿಲ್ಲ. ಗಂಟೆಗೆ ಕಡಿಮೆ ಅಂದರೂ 30 ಎಂಎಲ್ ಬರಬೇಕು. ಆಪರೇಷನ್ ಆದವರಿಗೆ ಒಳಗೆ ರಕ್ತ ಸೋರಿದರೆ ಮೊದಲು ಏರುವುದು ನಾಡಿ. ಬಿಪಿ ಇಳಿಯುವುದು ಆಮೇಲೆ. ಬಿಪಿ ಇಳಿದ ಮೇಲೆ ಎಚ್ಚೆತ್ತರೆ ಎಷ್ಟೋ ಸಲ ತಡವಾಗಿರುತ್ತದೆ. ಅದಕ್ಕೇ ಆಪರೇಷನ್ ಆದವರನ್ನು ಮೊದಲು ಹದಿನೈದು ನಿಮಿಷಕ್ಕೊಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ, ಆಮೇಲೆ ಗಂಟೆಗೊಮ್ಮೆ ನೋಡಬೇಕು ಅಂತ ನಮಗೆ ಕಲಿಸಿದ್ದು. ನಮ್ಮ ಚಾರ್ಟ್‌ನಲ್ಲಿ ಎಲ್ಲ 120/80, ನಾಡಿ 80.

ಹುಡುಗಿಯನ್ನು ಎಬ್ಬಿಸಿದೆ. ಬಿಪಿ ಮಿಷನ್ ತಾ ಅಂದೆ. "ಮಿಷನ್ ಕೆಳಗ ಅದ ರೀ ಅಕ್ಕ, ರೂಮಿನ ಚಾವಿ ಮೇಡಂ ಹತ್ರ ಅದ" ಅಂದಳು. ಡ್ಯೂಟಿ ಡಾಕ್ಟರು? ಹತ್ತಿರದಲ್ಲೇ ಮನೆ, ಫೋನ್ ಮಾಡಿದರೆ ಬರುತ್ತಾರಂತೆ. ನಾನೇ ಸೀದಾ ದೊಡ್ಡ ಡಾಕ್ಟರಿಗೆ ಫೋನ್ ಹಚ್ಚಿದೆ. ಸಿಸ್ಟರ್ ಭಾಷೆಯಲ್ಲಿ ನಾಲ್ಕು ಮಾತು ಹೇಳಿದೆ. ಇಪ್ಪತ್ತೈದು ನಿಮಿಷದಲ್ಲಿ ಬಂದರು. ಎರಡು ಬಾಟಲಿ ರಕ್ತ ತಂದದ್ದಾಯಿತು, ಮತ್ತೆ ಹೊಟ್ಟೆ ತೆರೆದದ್ದಾಯಿತು. ಒಳಗೆ ಹಾಕಿದ್ದ ಹೊಲಿಗೆಯ ಒಂದು ಗಂಟು ಸಡಿಲವಾಗಿತ್ತು. ಈಗ ನಾದಿನಿ ಎದ್ದು ಕೂತು ಗಂಜಿ ಕುಡಿಯುತ್ತಿದ್ದಾಳೆ.

ಗಂಟು ಸಡಿಲವಾಗಿದ್ದಕ್ಕೆ ನನಗೆ ಡಾಕ್ಟರ ಮೇಲೆ ಸಿಟ್ಟಿಲ್ಲ. ಎಂಥ ಕೈಯಲ್ಲೂ ಆಗುವಂಥದ್ದು ಅದು. ಬಂದು ಸರಿ ಮಾಡಿದರು, ಅವರ ಕೈಗುಣ ನಿಜಕ್ಕೂ ಚಲೋ ಇದೆ. ಆದರೆ ಆ ಕೈ ರಾತ್ರಿ ಹತ್ತಕ್ಕೆ ಮನೆಗೆ ಹೋಗುತ್ತದೆ. ಹತ್ತರಿಂದ ಬೆಳಗಿನ ತನಕ ನಮ್ಮವರ ಜೀವ ಇರುವುದು ಆ ಹುಡುಗಿಯ ಕೈಯಲ್ಲಿ. ಅವಳು ಎಷ್ಟು ಓದಿದ್ದಾಳೆ, ಅವಳ ಕೈಗೆ ಎಷ್ಟು ಬೆಡ್ ಕೊಟ್ಟಿದ್ದಾರೆ ಅಂತ ನಾವು ಯಾರೂ ಕೇಳುವುದಿಲ್ಲ.

ನಾನು ಕೇಳಿದೆ. ಪಿಯುಸಿ. ಆರು ತಿಂಗಳು ಇಲ್ಲೇ ನೋಡಿ ನೋಡಿ ಕಲಿತದ್ದು. ತಿಂಗಳಿಗೆ 7,000 ಕೊಡುತ್ತಾರಂತೆ. ಜಿಎನ್ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ, ಮಾಡಿಲ್ಲ, ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರಿಲ್ಲ. ಬಿಳಿ ಬಟ್ಟೆ ಹಾಕಿದ್ದಾಳೆ, ಅಷ್ಟೇ. ನಮ್ಮ ಬಿಲ್ಲಿನಲ್ಲಿ ಮಾತ್ರ ನರ್ಸಿಂಗ್ ಚಾರ್ಜ್ ಅಂತ ದಿನಕ್ಕೆ 600 ಇದೆ. ಹದಿನಾಲ್ಕು ಬೆಡ್‌ಗೆ ಒಂದು ದಿನಕ್ಕೆ 8,400. ಅವಳ ತಿಂಗಳ ಸಂಬಳಕ್ಕಿಂತ ಜಾಸ್ತಿ.

"ಓದಿದ ನರ್ಸ್‌ಗಳು ಇಲ್ಲಿ ನಿಲ್ಲೋದಿಲ್ಲ, ಬೆಂಗಳೂರಿಗೆ ಹೋಗ್ತಾರೆ, ಹೊರದೇಶಕ್ಕೆ ಹೋಗ್ತಾರೆ, ಸಣ್ಣ ಊರಿನ ನರ್ಸಿಂಗ್ ಹೋಮ್ ಏನು ಮಾಡಬೇಕು" ಅಂತ ಹೇಳುವವರಿದ್ದಾರೆ. ನನಗೂ ಗೊತ್ತು, ಹೋಗುತ್ತಾರೆ. 7,000ಕ್ಕೆ ಯಾರು ನಿಲ್ಲುತ್ತಾರೆ? ಲಿಫ್ಟಿಗೆ ದುಡ್ಡು ಬಂತು, ಟೈಲ್ಸಿಗೆ ಬಂತು. ಇಬ್ಬರು ಓದಿದ ಸಿಸ್ಟರ್‌ಗಳಿಗೆ ಬರಲಿಲ್ಲ ಅಂದರೆ ನಾನು ಒಪ್ಪುವುದಿಲ್ಲ.

"ಹಾಗಾದ್ರೆ ಸರ್ಕಾರಿಗೇ ಹೋಗಬೇಕಿತ್ತು" ಅಂತ ನಮ್ಮ ಅಣ್ಣ ಅಂದ. ಸರ್ಕಾರಿ ಆಸ್ಪತ್ರೆ ಮೇಲು ಅಂತ ನಾನು ಹೇಳುತ್ತಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡದ್ದು, ಅವರಿಗೆ ಡ್ರಿಪ್‌ನಲ್ಲಿ ಕೊಟ್ಟ ರಿಂಗರ್ ಲ್ಯಾಕ್ಟೇಟ್ ಬಾಟಲಿಯ ಮೇಲೆ ಅನುಮಾನ ಬಂದದ್ದು ಯಾರೂ ಮರೆತಿಲ್ಲ. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲಿ ತಪ್ಪಾಯಿತು ಅಂತ ಇಲ್ಲಿಯ ತಪ್ಪು ಸಣ್ಣದಾಗುತ್ತದಾ?

ಒಂದು ವಿಷಯ ಇಲ್ಲಿ ಹೇಳಲೇಬೇಕು. ಇದುವರೆಗೂ ಯಾರಿಗೂ ಹೇಳಿಲ್ಲ. ನಾನೂ ಒಮ್ಮೆ ಹಾಗೆ ಬರೆದಿದ್ದೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಸತತ ಏಳನೇ ನೈಟ್ ಡ್ಯೂಟಿ, ವಾರ್ಡಿನಲ್ಲಿ ನಲವತ್ತು ಜನ. ನಾಲ್ಕು ಗಂಟೆಯ ಬಿಪಿ ನೋಡದೆ ಬರೆದೆ. ಬೆಳಿಗ್ಗೆ ಹೆಡ್ ಸಿಸ್ಟರ್ ಆ ಅಜ್ಜನ ಕೈಗೆ ಬಿಪಿ ಪಟ್ಟಿ ಕಟ್ಟಿ ನೋಡಿದರೆ 90/60. ಅಜ್ಜ ಉಳಿದ. ಹೆಡ್ ಸಿಸ್ಟರ್ ಬೈಯಲಿಲ್ಲ. ಆ ಹಾಳೆ ನನ್ನ ಕೈಗೆ ಕೊಟ್ಟು, "ಇದನ್ನ ಅಜ್ಜನ ಮಗನಿಗೆ ಓದಿ ಹೇಳು" ಅಂದರು. ನಾನು ಅಳುತ್ತಾ ನಿಂತೆ. ಅವತ್ತಿನಿಂದ ನೋಡದೆ ಒಂದು ಅಂಕಿ ಬರೆದಿಲ್ಲ. ಈ ಹುಡುಗಿಗೆ ಹಾಗೆ ಹೇಳಲು ಒಬ್ಬ ಹೆಡ್ ಸಿಸ್ಟರ್ ಕೂಡ ಇಲ್ಲ. ಅವಳ ಮೇಲೆ ನನಗೆ ಸಿಟ್ಟಿಗಿಂತ ಸಂಕಟ ಜಾಸ್ತಿ.

ನಿಮ್ಮ ಮನೆಯವರನ್ನು ಸೇರಿಸುವ ಮೊದಲು ಒಂದು ರಾತ್ರಿ ಊಟ ಆದ ಮೇಲೆ ಆ ನರ್ಸಿಂಗ್ ಹೋಮ್‌ಗೆ ಹೋಗಿ ಬನ್ನಿ. ಹಗಲು ಹೋದರೆ ಗೊತ್ತಾಗುವುದಿಲ್ಲ. ಎಷ್ಟು ಬೆಡ್, ಎಷ್ಟು ಸಿಸ್ಟರ್ ಎಣಿಸಿ. ಐದಾರು ರೋಗಿಗೆ ಒಬ್ಬರಾದರೂ ಇರಬೇಕು. ಐಸಿಯುನಲ್ಲಿ ವೆಂಟಿಲೇಟರ್ ಹಾಕಿದವರಿಗೆ ತಲೆಗೊಬ್ಬರು ಬೇಕು. ಎಲ್ಲಿ ಓದಿದೆಯಮ್ಮ ಅಂತ ಕೇಳಿ, ಅದರಲ್ಲಿ ನಾಚಿಕೆ ಏನಿಲ್ಲ. ಡ್ಯೂಟಿ ಡಾಕ್ಟರು ಕಟ್ಟಡದ ಒಳಗೆ ಮಲಗುತ್ತಾರಾ, ಮನೆಯಲ್ಲಿ ಮಲಗುತ್ತಾರಾ? ಅವರು ಓದಿದ್ದು ಎಂಬಿಬಿಎಸ್ಸಾ? ಆಕ್ಸಿಜನ್ ಸಿಲಿಂಡರ್ ತೆರೆಯುವ ಚಾವಿ ಎಲ್ಲಿದೆ? ಕರೆಂಟ್ ಹೋದರೆ ಜನರೇಟರ್ ಹಾಕುವವರು ಯಾರು? ಬಳಸಿದ ಸೂಜಿ ಹಾಕಲು ಬಿಳಿ ಡಬ್ಬಿ ಇದೆಯಾ ನೋಡಿ. ನಮ್ಮಲ್ಲಿ ಸೂಜಿಯೂ ಹತ್ತಿಯೂ ಒಂದೇ ಬಕೆಟ್‌ನಲ್ಲಿದ್ದವು.

ಆ ಶಟರ್ ಬಗ್ಗೆ ನನಗೆ ಇನ್ನೂ ಹೆದರಿಕೆ ಹೋಗಿಲ್ಲ. 2011ರ ಡಿಸೆಂಬರ್ 9ರ ನಸುಕಿನಲ್ಲಿ ಕೋಲ್ಕತ್ತಾದ ಎಎಂಆರ್‌ಐ ಆಸ್ಪತ್ರೆಗೆ ಬೆಂಕಿ ಬಿತ್ತು. 90ರಷ್ಟು ಜನ ಸತ್ತರು, ಹೆಚ್ಚಿನವರು ಹೊಗೆಗೆ ಉಸಿರು ಕಟ್ಟಿ. ನಮ್ಮ ನರ್ಸಿಂಗ್ ಹೋಮ್‌ನ ಶಟರ್ ಚಾವಿ ಇದ್ದದ್ದು ವಾಚ್‌ಮನ್ ಹತ್ತಿರ. ಅವನು ಚಹಾ ಕುಡಿಯಲು ಸ್ಟೇಷನ್ ಕಡೆ ಹೋಗಿದ್ದ. ಡಾಕ್ಟರು ಬಂದು ಹೊರಗೆ ಐದು ನಿಮಿಷ ಶಟರ್ ಬಡಿದರು. ಒಳಗೆ ನಾನು ನಾದಿನಿಯ ಕಾಲ ಕೆಳಗೆ ದಿಂಬು ಇಟ್ಟು ಹಿಡಿದುಕೊಂಡಿದ್ದೆ. ಆ ಐದು ನಿಮಿಷ ನನಗೇ ಗೊತ್ತು.

ಖಾಸಗಿ ಆಸ್ಪತ್ರೆಗಳಿಗೆ ಅಂತ ರಾಜ್ಯದ ಕೆಪಿಎಂಇ ಕಾಯ್ದೆ 2007ರಿಂದ ಇದೆ. ನೋಂದಣಿ ಪತ್ರ, ದರಪಟ್ಟಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ನಮ್ಮಲ್ಲಿ ಹಾಕಿದ್ದರು, ಫ್ರೇಮ್ ಸಮೇತ. ನೋಡಿ, ಆದರೆ ಅಷ್ಟಕ್ಕೇ ಧೈರ್ಯ ತಂದುಕೊಳ್ಳಬೇಡಿ. ದೂರು ಕೊಡಲು ಜಿಲ್ಲಾಧಿಕಾರಿಗಳ ಸಮಿತಿ ಇದೆ, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್ಒ) ಅದರಲ್ಲಿರುತ್ತಾರೆ. ಕೇಸ್ ಶೀಟ್ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ನಾನು ನಿನ್ನೆ ಅರ್ಜಿ ಬರೆದು ಕೊಟ್ಟು ಸಹಿ ತೆಗೆದುಕೊಂಡೆ.

ನಾದಿನಿಯ ಗಂಡನಿಗೆ ಇದು ಇಷ್ಟವಿಲ್ಲ. "ಬಿಡ್ರಿ ಅಕ್ಕಾರ, ಉಳದಾಳ ಅಲ್ರೀ, ನಾಳೆ ಮತ್ತ ಅವರ ಹತ್ರಾನೇ ಹೋಗಬೇಕು" ಅನ್ನುತ್ತಾರೆ. ಅವರ ಸಂಕಟವೂ ನನಗೆ ಅರ್ಥವಾಗುತ್ತದೆ. ಆದರೆ ಪಕ್ಕದ ಬೆಡ್‌ನಲ್ಲಿದ್ದ ದೇವದುರ್ಗದ ಹೆಣ್ಣುಮಗಳ ಜೊತೆ ಇದ್ದದ್ದು ವಯಸ್ಸಾದ ಅತ್ತೆ ಒಬ್ಬರೇ. ಅವರಿಗೆ ನಾಡಿ ಎಣಿಸಲು ಬರುವುದಿಲ್ಲ. ಆಕೆಯ ಚಾರ್ಟ್‌ನಲ್ಲೂ ಬೆಳಗಿನ ಆರು ಗಂಟೆಗೆ 120/80 ಇತ್ತು. ಎರಡೂ ಹಾಳೆಯ ಫೋಟೋ ನನ್ನ ಮೊಬೈಲ್‌ನಲ್ಲಿವೆ. ಮುಂದಿನ ಗುರುವಾರ ಹೊಲಿಗೆ ಬಿಚ್ಚಿಸಲು ಹೋಗುವಾಗ ಡಾಕ್ಟರ ಮೇಜಿನ ಮೇಲೆ ಇಡುತ್ತೇನೆ, ಓದಿ ಹೇಳಿ ಅನ್ನುತ್ತೇನೆ.