ಹಳೆಯ ಮ್ಯಾಕಿಂಟಾಷ್‌ನ ಅಪ್‌ಗ್ರೇಡ್ ಬ್ಯಾಟರಿಯಿಂದ ಶುರುವಾಗಬೇಕು

ಪರದೆ, ಮದರ್‌ಬೋರ್ಡ್, ಪವರ್ ಸಪ್ಲೈ ಎಲ್ಲವೂ ಒಂದೇ ಪೆಟ್ಟಿಗೆಯೊಳಗಿರುವ ಹಳೆಯ ಕಂಪ್ಯೂಟರ್‌ಗಳನ್ನು, ಅದರಲ್ಲೂ 1984ರಿಂದ 1990ರ ದಶಕದ ಆರಂಭದವರೆಗೆ ಬಂದ ಆ್ಯಪಲ್ ಕಂಪನಿಯ ಪುಟ್ಟ ಮ್ಯಾಕಿಂಟಾಷ್‌ಗಳನ್ನು ಕೊಂಡವರು ಸಾಮಾನ್ಯವಾಗಿ ಮೊದಲು ಕೇಳುವುದು, ಇದಕ್ಕೆ ಎಷ್ಟು ರ‍್ಯಾಮ್ ಹಾಕಬಹುದು, ಪ್ರೊಸೆಸರ್‌ನ ವೇಗ ಎಷ್ಟು ಹೆಚ್ಚಿಸಬಹುದು ಎಂದು. ಅದಕ್ಕೆ ಉತ್ತರ ಕೊಡುವ ಮೊದಲು ನಾನು ಹೇಳುವ ಮಾತು ಒಂದೇ: ಪೆಟ್ಟಿಗೆ ಬಿಚ್ಚಿ ಬ್ಯಾಟರಿ ತೆಗೆಯಿರಿ.

1989ರ ಎಸ್‌ಇ/30 ಮಾದರಿಯನ್ನೇ ತೆಗೆದುಕೊಳ್ಳಿ. ಗಡಿಯಾರವನ್ನೂ ಕೆಲವು ಸೆಟ್ಟಿಂಗ್‌ಗಳನ್ನೂ ಕಾಪಾಡಲು ಅದರ ಬೋರ್ಡಿನ ಮೇಲೆ 3.6 ವೋಲ್ಟ್‌ನ ಲಿಥಿಯಂ ಬ್ಯಾಟರಿ ಇರುತ್ತದೆ. ಅದು ಸೋರಿದರೆ ಬೋರ್ಡಿನ ತಾಮ್ರದ ಗೆರೆಗಳು, ಚಿಪ್‌ಗಳ ಕಾಲುಗಳು, ಒಳಗಿನ ಲೋಹದ ಚೌಕಟ್ಟು ಎಲ್ಲವೂ ತುಕ್ಕು ಹಿಡಿದು ಹಾಳಾಗುತ್ತವೆ. ಬ್ಯಾಟರಿ ಇಲ್ಲದಿದ್ದರೂ ಯಂತ್ರ ಚಾಲೂ ಆಗುತ್ತದೆ. ದಿನಾಂಕ ತಪ್ಪಾಗಿ ತೋರಿಸುತ್ತದೆ, ಆ ಸೆಟ್ಟಿಂಗ್‌ಗಳು ಉಳಿಯುವುದಿಲ್ಲ, ಅಷ್ಟೇ.

ನಂತರದ ಸರದಿ ವಿದ್ಯುತ್ತನ್ನು ತಾತ್ಕಾಲಿಕವಾಗಿ ಹಿಡಿದಿಡುವ ಕೆಪ್ಯಾಸಿಟರ್‌ಗಳದ್ದು, ಇದರ ಬಗ್ಗೆ ನಾನು ಸ್ವಲ್ಪ ಹಟದಿಂದಲೇ ಮಾತನಾಡುತ್ತೇನೆ. ಆ ಕಾಲದ ಬೋರ್ಡುಗಳಲ್ಲಿರುವ 47 ಮೈಕ್ರೋಫ್ಯಾರಡ್‌ನ ಸಣ್ಣ ಅಲ್ಯೂಮಿನಿಯಂ ಕೆಪ್ಯಾಸಿಟರ್‌ಗಳು ವರ್ಷಗಳು ಕಳೆದಂತೆ ತಳದಿಂದ ದ್ರವ ಒಸರಲು ತೊಡಗುತ್ತವೆ. ಮೊದಲು ಧ್ವನಿ ಕ್ಷೀಣಿಸುತ್ತದೆ, ಆಮೇಲೊಂದು ದಿನ ಪರದೆಯ ತುಂಬ ಪಟ್ಟೆಗಳು ಮೂಡಿ ಯಂತ್ರ ಅಲ್ಲೇ ನಿಂತುಬಿಡುತ್ತದೆ. ಹತ್ತಿರದಿಂದ ನೋಡಿದರೆ ಕಾಲುಗಳ ಬಳಿಯ ಬೆಸುಗೆ ಹೊಳಪು ಕಳೆದುಕೊಂಡು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಸಾಲ್ಡರಿಂಗ್ ಐರನ್ ತಾಗಿಸಿದೊಡನೆ ಮೀನಿನಂತಹ ವಾಸನೆ ಏಳುತ್ತದೆ. ಇಂತಹ ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೊಳೆದು, ಟ್ಯಾಂಟಲಮ್ ಕೆಪ್ಯಾಸಿಟರ್‌ಗಳನ್ನು ಕೂರಿಸುವವರೆಗೆ ಉಳಿದ ಯಾವ ಅಪ್‌ಗ್ರೇಡ್‌ಗೂ ಅರ್ಥವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಸುಗೆಯ ಕೆಲಸ ಗೊತ್ತಿಲ್ಲದವರು ಗೊತ್ತಿರುವವರಿಂದ ಮಾಡಿಸುವುದೇ ಒಳಿತು, ಏಕೆಂದರೆ ಕೊಳೆತ ಬೋರ್ಡಿನಲ್ಲಿ ಬಲವಾಗಿ ಎಳೆದರೆ ಕೆಪ್ಯಾಸಿಟರ್ ಜೊತೆಗೆ ಅದನ್ನು ಬೆಸೆದಿದ್ದ ತಾಮ್ರದ ಪ್ಯಾಡ್ ಕೂಡ ಕಿತ್ತು ಬರುತ್ತದೆ.

ಪೆಟ್ಟಿಗೆ ಬಿಚ್ಚುವ ಕೆಲಸದಲ್ಲೂ ಎಚ್ಚರ ಬೇಕು. ಎರಡು ಸ್ಕ್ರೂಗಳು ಹಿಡಿಕೆಯ ಆಳದಲ್ಲಿರುವುದರಿಂದ ಉದ್ದ ಕಾಂಡದ ಟಿ15 ಟಾರ್ಕ್ಸ್ ಸ್ಕ್ರೂಡ್ರೈವರ್ ಇಲ್ಲದೆ ಆಗುವುದಿಲ್ಲ. ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಅದನ್ನು ಸರಿಯಾದ ಕ್ರಮದಲ್ಲಿ ಡಿಸ್ಚಾರ್ಜ್ ಮಾಡದೆ ಒಳಗೆ ಕೈ ಹಾಕಬಾರದು. ಟ್ಯೂಬಿನ ಕುತ್ತಿಗೆಗೆ ಏನೂ ತಾಗಬಾರದು.

ಇಷ್ಟಾದ ಮೇಲೆ ಮೊದಲು ಸೇರಿಸಬೇಕಾದದ್ದು ಸಂಗ್ರಹಣೆ. ಮೂಲ ಸ್ಕಸಿ (SCSI, ಡಿಸ್ಕ್‌ಗಳನ್ನು ಜೋಡಿಸುವ ಹಳೆಯ ಪದ್ಧತಿ) ಹಾರ್ಡ್‌ಡಿಸ್ಕ್‌ಗಳಿಗೆ ವಯಸ್ಸಾಗಿದೆ; ಕೆಲವು ಕ್ವಾಂಟಮ್ ಡ್ರೈವ್‌ಗಳೊಳಗಿನ ರಬ್ಬರ್ ಅಂಟಾಗಿ ಕರಗಿ ಹೆಡ್ ಅಲ್ಲಾಡದಂತೆ ಹಿಡಿದುಬಿಡುತ್ತದೆ. ಬ್ಲೂಸ್ಕಸಿಯಂತಹ ಸಣ್ಣ ಬೋರ್ಡು ಅದೇ 50 ಪಿನ್ ಕೇಬಲ್ಲಿಗೆ ಸೇರಿಕೊಂಡು, ಎಸ್‌ಡಿ ಕಾರ್ಡಿನಲ್ಲಿರುವ ಇಮೇಜ್ ಫೈಲನ್ನು (ಇಡೀ ಡಿಸ್ಕಿನ ಪ್ರತಿಯನ್ನು) ಹಾರ್ಡ್‌ಡಿಸ್ಕ್ ಎಂದೇ ಯಂತ್ರಕ್ಕೆ ತೋರಿಸುತ್ತದೆ. ಕೊರೆಯುವುದಿಲ್ಲ, ಕತ್ತರಿಸುವುದಿಲ್ಲ, ಬೇಡವೆಂದರೆ ಅರ್ಧ ಗಂಟೆಯಲ್ಲಿ ಮೊದಲಿನ ಸ್ಥಿತಿಗೆ ತರಬಹುದು. ನನ್ನ ದೃಷ್ಟಿಯಲ್ಲಿ ಒಳ್ಳೆಯ ಅಪ್‌ಗ್ರೇಡ್ ಎಂದರೆ ಇದೇ.

ರ‍್ಯಾಮ್ ವಿಚಾರ ಸರಳವಾಗಿ ಕಂಡರೂ ಸರಳವಲ್ಲ. ಎಸ್‌ಇ/30ಯ ಡೇಟಾ ಬಸ್, ಅಂದರೆ ಪ್ರೊಸೆಸರ್‌ಗೂ ಮೆಮೊರಿಗೂ ನಡುವಿನ ದಾರಿ, 32 ಬಿಟ್; 30 ಪಿನ್‌ನ ಒಂದೊಂದು ಸಿಮ್ (SIMM, ಮೆಮೊರಿ ಚಿಪ್‌ಗಳಿರುವ ಸಣ್ಣ ಫಲಕ) 8 ಬಿಟ್. ಆದ್ದರಿಂದ ಒಂದೇ ಗಾತ್ರದ ಸಿಮ್‌ಗಳನ್ನು ನಾಲ್ಕು ನಾಲ್ಕಾಗಿಯೇ ಹಾಕಬೇಕು. ಎಂಟು ಸ್ಲಾಟ್‌ಗಳಿಗೂ ತಲಾ 16 ಎಂಬಿ ಹಾಕಿದರೆ 128 ಎಂಬಿ ಆಗುತ್ತದೆ. ಆದರೆ ಆ ಯಂತ್ರದ ರೋಮ್ (ROM, ಮೂಲ ತಂತ್ರಾಂಶ ಅಚ್ಚಾಗಿರುವ ಚಿಪ್) ಪೂರ್ಣ 32 ಬಿಟ್ ವಿಳಾಸಗಳಿಗೆ ಸಿದ್ಧವಾಗಿರಲಿಲ್ಲ. ಮೋಡ್32 ಎಂಬ ತಂತ್ರಾಂಶವೋ ಮ್ಯಾಕ್ IIಎಸ್‌ಐಯ ರೋಮ್ ಸಿಮ್ಮೋ ಇಲ್ಲದಿದ್ದರೆ 8 ಎಂಬಿಗಿಂತ ಹೆಚ್ಚು ಬಳಕೆಗೆ ಸಿಗುವುದಿಲ್ಲ. ಜೊತೆಗೆ, ಪ್ರತಿ ಸಲ ಆನ್ ಮಾಡಿದಾಗಲೂ ಅಷ್ಟೂ ಮೆಮೊರಿಯನ್ನು ಪರೀಕ್ಷಿಸುತ್ತ ಯಂತ್ರ ಬಹಳ ಹೊತ್ತು ಕಾಯಿಸುತ್ತದೆ. ಆ ಕಾಲದ ಪ್ರೋಗ್ರಾಂಗಳಿಗೆ 32 ಎಂಬಿ ಧಾರಾಳವಾಗಿ ಸಾಕು.

1993ರ ಬಣ್ಣದ ಪರದೆಯ ಮ್ಯಾಕಿಂಟಾಷ್ ಕಲರ್ ಕ್ಲಾಸಿಕ್‌ನ ವಿಷಯದಲ್ಲಿ ನನ್ನ ಮನಸ್ಸು ಎರಡು ಕಡೆಗೂ ಎಳೆಯುತ್ತದೆ. ಅದರಲ್ಲಿ 16 ಮೆಗಾಹರ್ಟ್ಸ್‌ನ 68030 ಪ್ರೊಸೆಸರ್ ಇದೆ, ಮೆಮೊರಿಯ ಮಿತಿ 10 ಎಂಬಿ. ಅಷ್ಟು ಚಂದದ ಟ್ರಿನಿಟ್ರಾನ್ ಪರದೆಗೆ ಇದು ನಿಜಕ್ಕೂ ಅನ್ಯಾಯ. ಬೋರ್ಡು ಹಿಂಬದಿಯಿಂದ ಡ್ರಾಯರ್‌ನಂತೆ ಜಾರಿ ಹೊರಬರುವುದರಿಂದ, ಎಲ್‌ಸಿ 575 ಎಂಬ ಇನ್ನೊಂದು ಮ್ಯಾಕ್‌ನ 33 ಮೆಗಾಹರ್ಟ್ಸ್ ಬೋರ್ಡನ್ನು ಅಲ್ಲಿ ತೂರಿಸುವ ‘ಮಿಸ್ಟಿಕ್’ ಅಪ್‌ಗ್ರೇಡ್ ಪ್ರಸಿದ್ಧವಾಯಿತು. ಹಳೆಯ ಬೋರ್ಡನ್ನು ಜೋಪಾನವಾಗಿ ಎತ್ತಿಟ್ಟು ಇದನ್ನು ಮಾಡುವವರಿಗೆ ನನ್ನ ಪೂರ್ಣ ಬೆಂಬಲವಿದೆ. ಆದರೆ 512×384ರ ಪರದೆಯನ್ನು 640×480ಕ್ಕೆ ಏರಿಸಲೆಂದು ಪಿಕ್ಚರ್ ಟ್ಯೂಬನ್ನು ನಡೆಸುವ ಅನಲಾಗ್ ಬೋರ್ಡಿನ ಬಿಡಿಭಾಗಗಳನ್ನೇ ಬದಲಿಸುವುದನ್ನು, ಆ ಕೆಲಸವನ್ನು ಪಕ್ಕಾ ಬಲ್ಲವರ ಹೊರತು ಬೇರೆಯವರಿಗೆ ಬೇಡವೆನ್ನುತ್ತೇನೆ.

ಇನ್ನು ಕೆಲಸ ಮಾಡುವ ಯಂತ್ರದ ಒಡಲನ್ನೇ ಬಗೆದು, ಖಾಲಿ ಪೆಟ್ಟಿಗೆಯಲ್ಲಿ ಎಲ್‌ಸಿಡಿಯನ್ನೂ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಹೊಸ ಕಂಪ್ಯೂಟರನ್ನೂ ಕೂರಿಸುವುದನ್ನು ಅಪ್‌ಗ್ರೇಡ್ ಎಂದು ಕರೆಯಲು ನನಗೆ ಸಾಧ್ಯವಿಲ್ಲ. ಬ್ಯಾಟರಿ ಸೋರಿ ಬೋರ್ಡು ದುರಸ್ತಿಗೆ ಮೀರಿ ಹಾಳಾಗಿದ್ದರೆ ಆ ಮಾತು ಬೇರೆ. ಆಗಲೂ ಸರಿಯಿರುವ ಪಿಕ್ಚರ್ ಟ್ಯೂಬನ್ನು, ಅನಲಾಗ್ ಬೋರ್ಡನ್ನು, ಫ್ಲಾಪಿ ಡ್ರೈವನ್ನು ಕಸಕ್ಕೆ ಹಾಕದೆ, ಅವುಗಳಿಗಾಗಿ ಹುಡುಕುತ್ತಿರುವವರಿಗೆ ದಯವಿಟ್ಟು ತಲುಪಿಸಿ. ಆ ಟ್ಯೂಬುಗಳನ್ನು ಈಗ ಯಾರೂ ತಯಾರಿಸುವುದಿಲ್ಲ.